ಎಡಗೈ ವೀರ

ಗುರುವಾರ ಸಂಜೆ ಆರಕ್ಕೆ. ಪ್ರವೇಶ ಉಚಿತ.
ಚೆಂಬೂರಿನಿಂದ ಹಾರ್ಬರ್ ಲೈನು, ಆಮೇಲೆ ಕಾಲ್ನಡಿಗೆ,
ಕಾಲಾಘೋಡಾದ ಹತ್ತಿರ ಬೆವರೊರೆಸಿಕೊಂಡು
ಮ್ಯೂಸಿಯಮ್ಮಿನ ಪಕ್ಕದ ಬಾಗಿಲಿನಿಂದ ಒಳಕ್ಕೆ.
ನಮ್ಮದೊಂದು ಗುಂಪಿದೆ, ಯಾರೂ ಕಟ್ಟಿದ್ದಲ್ಲ:
ಏಸಿಗೆಂದು ಬಂದು ಮೊದಲ ಚಿತ್ರಕ್ಕೇ ನಿದ್ದೆಹೋಗುವ ಕೋಠಾರೆ,
ಎಲ್ಲವನ್ನೂ ಬರೆದುಕೊಂಡು ಎಂದೂ ತಿರುಗಿ ನೋಡದ ಮಿಸ್ ಪಿಂಟೋ,
ಪ್ರಶ್ನೆಯೆಂದು ಎದ್ದು ತನ್ನ ಇಟಲಿ ಪ್ರವಾಸ ಹೇಳುವ ಷರಾಫ್,
ಮತ್ತೆ ನಾನು, ಖಾರಿ ಬಿಸ್ಕತ್ತಿನ ಋಣದವನು.

ವರ್ಷದಿಂದ ಬಹಳ ತಿಳಿದುಕೊಂಡಿದ್ದೇನೆ:
ನೀಲಿ ಯಾವ ಕಣಿವೆಯಿಂದ ಕತ್ತೆಯ ಬೆನ್ನೇರಿ ಬಂತು,
ಮೂಗು ಮುರಿದ ದೇವರನ್ನು ಪೆಟ್ಟಿಗೆಯಲ್ಲಿ ಹೇಗೆ ಮಲಗಿಸಬೇಕು.
ಮನೆಯಲ್ಲಿ ಕೇಳುತ್ತಾಳೆ, ಇದರಿಂದ ಏನಾಗುತ್ತದೆ?
ಏನೂ ಆಗುವುದಿಲ್ಲ ಎನ್ನುತ್ತೇನೆ.
ಟೊಮೆಟೊ ತರಲು ಮರೆತಿರುತ್ತೇನೆ.

ಈ ಗುರುವಾರ ಡಾಕ್ಟರ್ ಫ್ರೇನಿ ಬಾಟ್ಲಿವಾಲಾ.
ಉಗ್ರಾಣದಲ್ಲಿ ಸಿಕ್ಕ ಹಳೆಯ ಗಾಜಿನ ಸ್ಲೈಡುಗಳು,
ಹಿತ್ತಾಳೆ ಮೂತಿಯ ಪ್ರೊಜೆಕ್ಟರು, ಸುಟ್ಟ ಧೂಳಿನ ವಾಸನೆ.
ಟಪ್ಪೆಂದು ಹದಿನಾಲ್ಕನೆಯದು: ವೀರಗಲ್ಲು.
ಧಾರವಾಡ ಸೀಮೆ, ಕಾಲ ಅನಿಶ್ಚಿತ.
ಕೆಳಗೆ ಕಾಳಗ, ನಡುವೆ ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡ ಅಪ್ಸರೆಯರು,
ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು.
ಆಕೆಯೆಂದರು: ನೋಡಿ, ಕತ್ತಿ ಎಡಗೈಯಲ್ಲಿದೆ!
ಶಿಲ್ಪಿ ರೂಢಿಯನ್ನಲ್ಲ, ಕಂಡದ್ದನ್ನು ಕಡೆದಿದ್ದಾನೆ.
ಇದು ಅಚ್ಚಿನ ಗೊಂಬೆಯಲ್ಲ, ಒಬ್ಬ ಎಡಚ,
ಊರವರು ಗುರುತು ಹಿಡಿಯುತ್ತಿದ್ದ ಒಬ್ಬ ಮನುಷ್ಯ.
ಸಭೆ ಉಸಿರೆಳೆಯಿತು. ಕೋಠಾರೆಗೂ ಎಚ್ಚರವಾಯಿತು.

ಅಷ್ಟರಲ್ಲಿ ನಾನು ಕತ್ತಿಯ ಕೆಳಗಿನ ಸಾಲು ಓದುತ್ತಿದ್ದೆ.
ಸವೆದ ಅಕ್ಷರ, ಆದರೂ ಸಲೀಸು:
ಬೊಪ್ಪ... ತುಱು... ಮತ್ತೆ ಒಂದು ಬಿರುಕು.
ಸಲೀಸಾದದ್ದಕ್ಕೇ ಎದೆ ಧಸಕ್ಕೆಂದಿತು.

ಮೂವತ್ತೊಂದು ವರ್ಷ ಗಿರಗಾಂವಿನ ಕನ್ನಡ ಪ್ರೆಸ್ಸಿನಲ್ಲಿ
ಮೊಳೆ ಜೋಡಿಸಿದವನು ನಾನು.
ಲಗ್ನಪತ್ರಿಕೆ, ಸಂಘದ ವರದಿ, ವೈಕುಂಠ ಸಮಾರಾಧನೆ,
ಎಲ್ಲ ಸೀಸದಲ್ಲಿ, ಎಲ್ಲ ತಿರುವುಮುರುವು.
ಫರ್ಮಾ ಕಟ್ಟಿದ ಮೇಲೆ ಕಲ್ಲುಮೇಜಿನ
ಯಾವ ಕಡೆ ನಿಂತರೂ ಓದಬೇಕು.
ನೆಟ್ಟಗಿರುವ ಕನ್ನಡಕ್ಕೆ ನನಗೆ ಕನ್ನಡಕ ಬೇಕು,
ತಿರುಗಿದ್ದನ್ನು ಬೆರಳೇ ಓದುತ್ತದೆ.
ಆ ಶಕಟರೇಫ ಇದೆಯಲ್ಲ, ನಮ್ಮ ಕೇಸಿನಲ್ಲಿ ಅದಕ್ಕೆ ಖಾನೆಯೇ ಇರಲಿಲ್ಲ.
ಶಾಸ್ತ್ರಿಗಳೊಬ್ಬರ ಪುಸ್ತಕಕ್ಕೆಂದು ಹುಬ್ಬಳ್ಳಿಯಿಂದ
ಎರಡೇ ಮೊಳೆ ಬಂದಿದ್ದವು, ನಶ್ಯದ ಡಬ್ಬಿಯಲ್ಲಿ.

ಅಂದರೆ ಗಾಜು ಮಗುಚಿದೆ.
ಅಂದರೆ ಬೊಪ್ಪನ ಕತ್ತಿ ಬಲಗೈಯಲ್ಲೇ, ಎಲ್ಲರ ಹಾಗೆ.

ಷರಾಫರ ಫ್ಲಾರೆನ್ಸ್ ಮುಗಿದು ಮೈಕು ನಮ್ಮ ಸಾಲಿಗೆ ಬಂತು.
ಹಿಡಿದೆ. ಬೆಚ್ಚಗಿತ್ತು.
ಆಕೆಯ ಮುಖದ ಮೇಲೆ ಆ ಎಡಗೈ ಇನ್ನೂ ಬೆಳಗುತ್ತಿತ್ತು.
ಥ್ಯಾಂಕ್ಯೂ ಮೇಡಂ ಎಂದು ಪಕ್ಕಕ್ಕೆ ದಾಟಿಸಿದೆ.

ಎಲ್ಲ ಚಹಾಕ್ಕೆ ಹೋದ ಮೇಲೆ
ಪ್ರೊಜೆಕ್ಟರಿನ ಹುಡುಗ ತೌಫೀಕನಿಗೆ ಹೇಳಿದೆ:
ಹದಿನಾಲ್ಕು, ಒಂದು ಸಲ ಮಗುಚು.
ಕರವಸ್ತ್ರದಲ್ಲಿ ಹಿಡಿದು ಮಗುಚಿದ.
ಖಾಲಿ ಕುರ್ಚಿಗಳೆದುರು ಬೊಪ್ಪ
ಸದ್ದಿಲ್ಲದೆ ಕತ್ತಿಯ ಕೈ ಬದಲಿಸಿದ.
ಈಗ ಸಾಲು ನೆಟ್ಟಗಿತ್ತು, ತಡವರಿಸಿದ್ದು ನಾನು,
ಒಂದನೆಯ ಇಯತ್ತೆಯವನ ಹಾಗೆ ಒಂದೊಂದೇ ಅಕ್ಷರ.
ಏನು ಬರೆದಿದೆ ಅಂಕಲ್?
ದನ ಬಿಡಿಸಲು ಹೋದ. ಬಿಡಿಸಿದ.
ಆಮೇಲೆ?
ಆಮೇಲೆ ಕಲ್ಲು.

ನಮ್ಮ ಕೇಸುಗಳನ್ನು ತೂಕಕ್ಕೆ ಹಾಕಿದರು.
ಒಂದನ್ನು ಬಾಂದ್ರಾದ ಕಾಫಿ ಅಂಗಡಿಯ ಗೋಡೆಯಲ್ಲಿ ಕಂಡೆ,
ತಲೆಕೆಳಗಾಗಿ ತೂಗುಹಾಕಿ ಖಾನೆಗೊಂದು ಪುಟ್ಟ ಕಳ್ಳಿ ನೆಟ್ಟಿದ್ದರು.
ಳ ಇರುತ್ತಿದ್ದಲ್ಲಿ ಹೂ ಬಿಟ್ಟಿತ್ತು.
ಅಂದೂ ಯಾರಿಗೂ ಏನೂ ಹೇಳಲಿಲ್ಲ,
ನೂರಾ ಎಂಬತ್ತು ಕೊಟ್ಟು ಕಾಫಿ ಕುಡಿದು ಬಂದೆ.

ಬಾಗಿಲ ಬಳಿ ಅಭಿಪ್ರಾಯದ ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ನು.
ಕನ್ನಡದಲ್ಲೇ ಬರೆದೆ:
ಉಪನ್ಯಾಸ ಚೆನ್ನಾಗಿತ್ತು. ಸ್ಲೈಡು ೧೪ ಮಗುಚಿದೆ.
ಯಾರು ಓದುತ್ತಾರೋ, ಎಂದು ಓದುತ್ತಾರೋ.

ಮುಂದಿನ ಗುರುವಾರ ಪರ್ಷಿಯಾದ ರತ್ನಗಂಬಳಿಗಳು.
ಮತ್ತೆ ಟೊಮೆಟೊ. ಸ್ಟೇಷನ್ನಿನ ಹೊರಗೆ, ಅರ್ಧ ಕಿಲೊ.